ಬಾಗಿಲು ದಾಟಿದ ಮೇಲೆ



ಪ್ರತಿವರ್ಷ ಪರೀಕ್ಷೆಯ ಫಲಿತಾಂಶಗಳು ಹೊರಬಿದ್ದ ಮೇಲೆ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ಸಂತಸದ ಭಾನುವಾರ ಬರುತ್ತದೆ. ಬಲಿಪೂಜೆಯ ಕೊನೆಯಲ್ಲಿ ಗುರುಗಳು ಉತ್ತಮ ಅಂಕ ಗಳಿಸಿದ ಮಕ್ಕಳ ಹೆಸರುಗಳನ್ನು ಓದುತ್ತಾರೆ. ಮಕ್ಕಳು ಮುಂದೆ ಬಂದು ಸಂಕೋಚದಿಂದ ಬಹುಮಾನ ಸ್ವೀಕರಿಸುತ್ತಾರೆ, ನಾವೆಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಕೆಲವೇ ದಿನಗಳಲ್ಲಿ ಆ ಮಕ್ಕಳು ದೂರದ ಪಟ್ಟಣದ ಕಾಲೇಜುಗಳಿಗೆ, ವಿದ್ಯಾರ್ಥಿನಿಲಯಗಳಿಗೆ ಹೊರಟುಹೋಗುತ್ತಾರೆ. ಹಾಗೆ ಹೋದವರಲ್ಲಿ ಒಬ್ಬಿಬ್ಬರು ಮೊದಲ ವರ್ಷ ಮುಗಿಯುವ ಮುನ್ನವೇ ಪೆಟ್ಟಿಗೆಯೊಡನೆ ಮನೆಗೆ ಮರಳುವುದುಂಟು. ಅವರ ಹೆಸರನ್ನು ಯಾರೂ ಓದುವುದಿಲ್ಲ. “ಅಷ್ಟು ಬುದ್ಧಿವಂತ ಹುಡುಗ, ಏನಾಯಿತೋ” ಎಂದು ಇಗರ್ಜಿಯ ಅಂಗಳದಲ್ಲಿ ಒಂದೆರಡು ಮಾತು ಕೇಳಿಬಂದು ವಿಷಯ ಅಲ್ಲಿಗೇ ನಿಂತುಬಿಡುತ್ತದೆ.

ಹೀಗೆ ಮರಳಿ ಬರುವವರಿಗೆ ಕಾರಣಗಳು ಹಲವು. ಅವರಲ್ಲಿ ಒಂದು ವರ್ಗದ ವಿದ್ಯಾರ್ಥಿಗಳ ಕುರಿತು ಈ ಲೇಖನ. ಅವರು ಆಟಿಸಂ ಉಳ್ಳವರು. ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದೂ ಕರೆಯುತ್ತೇವೆ. ಇದು ಅಂಟುವ ರೋಗವಲ್ಲ, ಹುಚ್ಚಲ್ಲ, ಹೆತ್ತವರ ತಪ್ಪಿನ ಫಲವೂ ಅಲ್ಲ. ಮೆದುಳಿನ ಬೆಳವಣಿಗೆಯಲ್ಲಿ ಮೊದಲಿನಿಂದಲೂ ಇರುವ ಒಂದು ಭಿನ್ನತೆ. ಕೆಲವರಿಗೆ ಮಾತು ಬಾರದು, ಜೀವನಪೂರ್ತಿ ಆಸರೆ ಬೇಕು. ಇನ್ನು ಕೆಲವರು ನಿರರ್ಗಳವಾಗಿ ಮಾತನಾಡಬಲ್ಲರು, ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದಿರಬಲ್ಲರು. ಆದರೆ ಎದುರಿಗಿರುವವರ ಮುಖಭಾವವನ್ನು ಓದುವುದು, ಗದ್ದಲವನ್ನು ಸಹಿಸುವುದು, ಅನಿರೀಕ್ಷಿತ ಬದಲಾವಣೆಗೆ ಹೊಂದಿಕೊಳ್ಳುವುದು ಅವರಿಗೆ ಬಲು ಕಷ್ಟ. ಇಂಥವರು ಕಾಲೇಜಿನ ಬಾಗಿಲನ್ನು ಹೇಗೆ ದಾಟಿದರು, ದಾಟಿದ ಮೇಲೆ ಒಳಗೆ ಹೇಗೆ ಉಳಿದರು ಎಂಬುದಕ್ಕೆ ಒಂದು ಇತಿಹಾಸವಿದೆ. ಅದನ್ನು ತಿಳಿದುಕೊಂಡರೆ ನಮ್ಮ ಮನೆಯ ಮಗುವನ್ನು ನೋಡುವ ದೃಷ್ಟಿಯೂ ಬದಲಾದೀತು.

ವಿಯೆನ್ನಾದ ಎರಡು ಮುಖಗಳು

ಈ ಇತಿಹಾಸ ಆರಂಭವಾಗುವುದು ಎರಡನೆಯ ಮಹಾಯುದ್ಧದ ದಿನಗಳಲ್ಲಿ. 1944ರಲ್ಲಿ ವಿಯೆನ್ನಾ ನಗರದ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರ್ ಒಂದು ಪ್ರಬಂಧವನ್ನು ಪ್ರಕಟಿಸಿದರು. ಒಡನಾಟದಲ್ಲಿ ಎಡವುವ, ಆದರೆ ತಮಗೆ ಪ್ರಿಯವಾದ ಒಂದು ವಿಷಯದಲ್ಲಿ ಆಳವಾಗಿ ಮುಳುಗಿಹೋಗುವ ಹುಡುಗರ ವರ್ಣನೆ ಅದರಲ್ಲಿತ್ತು. ಬಾಲ್ಯದಿಂದ ತಾವು ಗಮನಿಸುತ್ತ ಬಂದ ಒಬ್ಬನ ವಿಷಯವನ್ನು ಅವರು ಅಭಿಮಾನದಿಂದ ಬರೆದರು. ಲೋಕವ್ಯವಹಾರದಲ್ಲಿ ಏನೂ ತಿಳಿಯದ, ನಡೆನುಡಿಯಲ್ಲಿ ವಿಚಿತ್ರನೆನಿಸಿದ ಆ ಹುಡುಗ ಗಣಿತದಲ್ಲಿ ಅಸಾಧಾರಣನಾಗಿದ್ದ. ವಿಶ್ವವಿದ್ಯಾಲಯದಲ್ಲಿ ಖಗೋಳಶಾಸ್ತ್ರಕ್ಕೆ ಸೇರಿದ ಅವನು ನ್ಯೂಟನ್ನನ ಲೆಕ್ಕದಲ್ಲಿಯೇ ಒಂದು ತಪ್ಪನ್ನು ಕಂಡುಹಿಡಿದು, ಅದನ್ನೇ ತನ್ನ ಪ್ರಬಂಧದ ವಿಷಯವಾಗಿಸಿಕೊಂಡು, ಮುಂದೆ ಅಲ್ಲಿಯೇ ಅಧ್ಯಾಪಕನಾದ. ಇಂಥವರಿಗೂ ಸಮಾಜದಲ್ಲಿ ಸ್ಥಾನವುಂಟು ಎಂಬುದು ಆಸ್ಪರ್ಗರ್ ಅವರ ವಾದವಾಗಿತ್ತು. ವಿಶ್ವವಿದ್ಯಾಲಯದಲ್ಲಿ ಉಳಿದು ಬೆಳೆದ ಆಟಿಸಂ ವ್ಯಕ್ತಿಯ ಕುರಿತಾದ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು.

ಓದಲು ಹಿತವಾದ ಕಥೆ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಅದೇ ವಿಯೆನ್ನಾದಲ್ಲಿ ಆಮ್ ಸ್ಪೀಗಲ್‌ಗ್ರುಂಡ್ ಎಂಬ ಸಂಸ್ಥೆಯಿತ್ತು. ನಾಜಿ ಆಡಳಿತದಲ್ಲಿ ಅಲ್ಲಿ ಸುಮಾರು 800 ಮಕ್ಕಳು, ‘ಪ್ರಯೋಜನಕ್ಕೆ ಬಾರದವರು’ ಎಂಬ ಹಣೆಪಟ್ಟಿ ಹೊತ್ತು, ಪ್ರಾಣ ಕಳೆದುಕೊಂಡರು. ಆಸ್ಪರ್ಗರ್ ಅವರು ಕೆಲವು ಮಕ್ಕಳನ್ನು ಆ ಸಂಸ್ಥೆಗೆ ಕಳುಹಿಸಿಕೊಟ್ಟಿದ್ದರೆಂಬುದನ್ನು ಇತಿಹಾಸಕಾರ ಹೆರ್ವಿಗ್ ಚೆಖ್ ದಾಖಲೆಗಳ ಆಧಾರದಿಂದ 2018ರಲ್ಲಿ ಲೋಕದ ಮುಂದಿಟ್ಟರು. ಖಗೋಳಶಾಸ್ತ್ರಜ್ಞನಾಗಬಲ್ಲ ಹುಡುಗನಿಗೆ ವಿಶ್ವವಿದ್ಯಾಲಯ, ಏನೂ ಆಗಲಾರದ ಮಗುವಿಗೆ ಸ್ಪೀಗಲ್‌ಗ್ರುಂಡ್! ಪ್ರತಿಭೆಯನ್ನು ತೋರಿಸಿದರೆ ಮಾತ್ರ ಬದುಕಲು ಸ್ಥಳವುಂಟು ಎಂಬ ತರ್ಕ ಎಲ್ಲಿಗೆ ತಲುಪುತ್ತದೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ಅದೇ ಕಾಲದಲ್ಲಿ, 1941ರ ಆಗಸ್ಟ್ 3ರಂದು, ಜರ್ಮನಿಯ ಮ್ಯೂನ್‌ಸ್ಟರ್ ನಗರದ ಬಿಷಪ್ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್ ಅವರು ತಮ್ಮ ಪ್ರಬೋಧನೆಯಲ್ಲಿ ಈ ತರ್ಕವನ್ನೇ ಬಹಿರಂಗವಾಗಿ ಖಂಡಿಸಿದರು. ದುಡಿಯಲಾರದವನಿಗೆ ಬದುಕುವ ಹಕ್ಕಿಲ್ಲವೆಂದು ಒಮ್ಮೆ ಒಪ್ಪಿಕೊಂಡರೆ, ನಾಳೆ ಮುಪ್ಪಿಗೂ ಕಾಯಿಲೆಗೂ ಒಳಗಾಗುವ ನಾವಾರೂ ಸುರಕ್ಷಿತರಲ್ಲ ಎಂಬುದು ಅವರ ಮಾತಿನ ತಿರುಳು. ಆಟಿಸಂ ವಿದ್ಯಾರ್ಥಿಗಳ ಚರಿತ್ರೆಯನ್ನು ಓದುವಾಗ ಈ ಎಚ್ಚರಿಕೆಯನ್ನು ನಾವು ಜೊತೆಯಲ್ಲಿ ಇಟ್ಟುಕೊಳ್ಳಬೇಕು. ಮಗುವನ್ನು ಕಾಲೇಜಿನಲ್ಲಿ ಉಳಿಸಿಕೊಳ್ಳಬೇಕಾದದ್ದು ಅದು ಮುಂದೊಂದು ದಿನ ನ್ಯೂಟನ್ನನನ್ನು ತಿದ್ದುತ್ತದೆಂಬ ಆಸೆಯಿಂದಲ್ಲ.

ಫಾರೆಸ್ಟ್ ಊರಿನ ಡೊನಾಲ್ಡ್

ಈಗ ಅಮೆರಿಕದ ಕಡೆಗೆ ಬನ್ನಿ. ದಕ್ಷಿಣದ ಮಿಸ್ಸಿಸ್ಸಿಪ್ಪಿ ರಾಜ್ಯದಲ್ಲಿ ಫಾರೆಸ್ಟ್ ಎಂಬ ಸಣ್ಣ ಊರು. ಅಲ್ಲಿ 1933ರಲ್ಲಿ ಡೊನಾಲ್ಡ್ ಟ್ರಿಪ್ಲೆಟ್ ಹುಟ್ಟಿದ. ತಂದೆ ವಕೀಲರು, ತಾಯಿ ಊರಿನ ಬ್ಯಾಂಕಿನ ಮನೆತನದವರು. ಎರಡೂವರೆ ವರ್ಷ ತುಂಬುವಷ್ಟರಲ್ಲಿ ಮಗು ಕುರಿಗಾಹಿಯ ಕೀರ್ತನೆಯೆಂದು ಹೆಸರಾದ 23ನೆಯ ಕೀರ್ತನೆಯನ್ನು ಬಾಯಿಪಾಠ ಹೇಳುತ್ತಿತ್ತು, ಧರ್ಮೋಪದೇಶದ 25 ಪ್ರಶ್ನೋತ್ತರಗಳನ್ನು ಒಪ್ಪಿಸುತ್ತಿತ್ತು. ಆದರೆ ತಾಯಿ ಬಂದರೂ ಹೋದರೂ ತಲೆಯೆತ್ತಿ ನೋಡುತ್ತಿರಲಿಲ್ಲ. ವೈದ್ಯರ ಸಲಹೆಯಂತೆ ಮೂರು ತುಂಬಿ ನಾಲ್ಕನೆಯ ವರ್ಷದತ್ತ ನಡೆಯುತ್ತಿದ್ದ ಮಗುವನ್ನು ಹೆತ್ತವರು ದೂರದ ಒಂದು ಸಂಸ್ಥೆಯಲ್ಲಿ ಬಿಟ್ಟರು. ಸುಮಾರು ಒಂದು ವರ್ಷದ ನಂತರ, ಆ ಸಂಸ್ಥೆಯವರ ಮಾತನ್ನು ಮೀರಿ, ಮನೆಗೆ ಕರೆತಂದರು.

1938ರಲ್ಲಿ ತಂದೆ 33 ಪುಟಗಳ ಒಂದು ಪತ್ರ ಸಿದ್ಧಪಡಿಸಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರಿಗೆ ಕಳುಹಿಸಿದರು. ಮಗುವಿನ ಒಂದೊಂದು ನಡೆಯನ್ನೂ ಅದರಲ್ಲಿ ಬರೆದಿದ್ದರು. ಕ್ಯಾನರ್ ಅವರಿಗೆ ಹೊಸದೊಂದು ಸ್ಥಿತಿಯ ಸುಳಿವು ದೊರೆತದ್ದು ಹೀಗೆ. 1943ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 11 ಮಕ್ಕಳ ವಿವರವಿತ್ತು. ಮೊದಲನೆಯ ಹೆಸರೇ ಡೊನಾಲ್ಡನದು. ಆಟಿಸಂ ಎಂಬ ಹೆಸರಿನಲ್ಲಿ ವೈದ್ಯಕೀಯ ಲೋಕ ಗುರುತಿಸಿದ ಮೊದಲ ಮಗು ಅವನೇ.

ಮುಂದೆ ನಡೆದದ್ದು ಹೆಚ್ಚು ಮುಖ್ಯ. 1942ರಲ್ಲಿ ಹೆತ್ತವರು ಡೊನಾಲ್ಡನನ್ನು ಊರಿನಿಂದ ಕೆಲವು ಮೈಲಿ ದೂರದ, ಮಕ್ಕಳಿಲ್ಲದ ರೈತ ದಂಪತಿಗಳ ಮನೆಯಲ್ಲಿ ಇರಿಸಿದರು. ಆ ದಂಪತಿಗಳು ಮನೋವಿಜ್ಞಾನ ಓದಿದವರಲ್ಲ. ಹುಡುಗನಿಗೆ ಅಳೆಯುವ ಗೀಳಿದೆ ಎಂದು ಕಂಡಾಗ ಬಾವಿ ತೋಡಲು ಹಚ್ಚಿ ಅದರ ಆಳವನ್ನು ಲೆಕ್ಕ ಹಾಕಿಸಿದರು. ಎಣಿಸುವ ಗೀಳಿದೆ ಎಂದು ಕಂಡಾಗ ಜೋಳದ ಹೊಲವನ್ನು ಉಳುತ್ತ ಸಾಲುಗಳನ್ನು ಎಣಿಸಲು ಬಿಟ್ಟರು. 1945ರಲ್ಲಿ ಅಲ್ಲಿಗೆ ಹೋದ ಕ್ಯಾನರ್, ಹುಡುಗನು ಕುದುರೆ ಕಟ್ಟಿ ನೇಗಿಲು ಹಿಡಿದು ನೇರವಾಗಿ ಉಳುವುದನ್ನು ಕಣ್ಣಾರೆ ಕಂಡರು. ಹಳ್ಳಿಯ ಶಾಲೆ ಅವನ ವಿಚಿತ್ರಗಳನ್ನು ಸಹಿಸಿಕೊಂಡಿತು. ಬಳಿಕ ಸ್ವಂತ ಊರಿನ ಹೈಸ್ಕೂಲಿನಲ್ಲಿ ಒಮ್ಮೆ ಸಹಪಾಠಿಗಳು ಶಾಲೆಯ ಗೋಡೆಯಲ್ಲಿ ಎಷ್ಟು ಇಟ್ಟಿಗೆಗಳಿವೆ ಎಂದು ಕೇಳಿದರಂತೆ. ಡೊನಾಲ್ಡ್ ಒಮ್ಮೆ ಕಣ್ಣಾಡಿಸಿ ಒಂದು ಸಂಖ್ಯೆ ಹೇಳಿದ. ಊರೆಲ್ಲ ಅವನ ಅದ್ಭುತ ಶಕ್ತಿಯನ್ನು ಕೊಂಡಾಡಿತು. ಹಲವು ದಶಕಗಳ ನಂತರ ಪತ್ರಕರ್ತರು ವಿಚಾರಿಸಿದಾಗ ಮುದುಕನಾದ ಡೊನಾಲ್ಡ್ ನಿಜವನ್ನು ಹೇಳಿದರು. ಆ ಸಂಖ್ಯೆ ಸುಮ್ಮನೆ ಹೇಳಿದ್ದು. ಆ ಹುಡುಗರು ತನ್ನನ್ನು ಮೆಚ್ಚಬೇಕೆಂಬ ಆಸೆಯಿತ್ತು.

ಈ ಘಟನೆಯ ಮೇಲೆ ತುಸು ಹೊತ್ತು ಮನಸ್ಸಿಡಿ. ಆಟಿಸಂ ಇರುವವರಿಗೆ ಗೆಳೆತನ ಬೇಕಿಲ್ಲ, ಒಂಟಿತನವೇ ಅವರಿಗೆ ಇಷ್ಟ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಗೆಳೆತನಕ್ಕಾಗಿ ಒಂದು ಸಂಖ್ಯೆಯನ್ನೇ ಕಟ್ಟಿ ಹೇಳಿದ ಹುಡುಗನು ಅದು ಸುಳ್ಳೆಂದು ತೋರಿಸಿಕೊಟ್ಟ.

ಡೊನಾಲ್ಡ್ ಮೊದಲು ಊರಿಗೆ ಹತ್ತಿರದ ಒಂದು ಕಿರಿಯ ಕಾಲೇಜಿನಲ್ಲಿ, ಆನಂತರ ಜಾಕ್ಸನ್ ನಗರದಲ್ಲಿ ಮೆಥೊಡಿಸ್ಟ್ ಸಭೆಯವರು ಸ್ಥಾಪಿಸಿದ ಮಿಲ್‌ಸ್ಯಾಪ್ಸ್ ಕಾಲೇಜಿನಲ್ಲಿ ಓದಿದ. ಫ್ರೆಂಚ್ ಭಾಷೆ ಅವನ ಮುಖ್ಯ ವಿಷಯ. ಕಾಲೇಜಿನ ವಿದ್ಯಾರ್ಥಿ ಬಳಗವೊಂದು ಅವನನ್ನು ಸದಸ್ಯನನ್ನಾಗಿ ಸೇರಿಸಿಕೊಂಡಿತು. ಗಾಯನವೃಂದದಲ್ಲಿ ಅವನಿಗೆ ಸ್ಥಾನವಿತ್ತು. ಅವನ ಶ್ರುತಿಜ್ಞಾನ ಎಷ್ಟು ಖಚಿತವಾಗಿತ್ತೆಂದರೆ ವೃಂದದ ನಿರ್ದೇಶಕರು ಆರಂಭದ ಸ್ವರವನ್ನು ಅವನಿಂದಲೇ ಕೇಳಿ ಪಡೆಯುತ್ತಿದ್ದರು. ಮುಂದೆ ಸಭಾಪಾಲಕರಾದ ಒಬ್ಬ ಸಹಪಾಠಿ ಅವನಿಗೆ ನದಿಯಲ್ಲಿ ಈಜು ಕಲಿಸಲು ಹೊರಟರು. ಈಜು ಬರಲಿಲ್ಲ, ಸ್ನೇಹ ಉಳಿಯಿತು. 1958ರಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ, ಡೊನಾಲ್ಡ್ ಪದವೀಧರನಾದ. ಅಂದು ಆಟಿಸಂ ವಿದ್ಯಾರ್ಥಿಗಳಿಗಾಗಿ ಯಾವ ಕಾನೂನೂ ಇರಲಿಲ್ಲ, ಯಾವ ಯೋಜನೆಯೂ ಇರಲಿಲ್ಲ. ಅವನನ್ನು ಉಳಿಸಿಕೊಂಡದ್ದು ಒಂದು ಹಾಡುವ ಗುಂಪು, ಒಂದು ಗೆಳೆಯರ ಬಳಗ, ರಜೆಗೆ ಮರಳಬಹುದಾದ ಒಂದು ಮನೆ.

ಅವನು ಮಹಾವಿಜ್ಞಾನಿಯಾಗಲಿಲ್ಲ. ಊರಿನ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದ, ಕಾರು ಓಡಿಸಲು ಕಲಿತ, ಗಾಲ್ಫ್ ಆಡಿದ, ಒಬ್ಬನೇ ಹತ್ತಾರು ದೇಶಗಳನ್ನು ಸುತ್ತಿ ಬಂದ. 2023ರ ಜೂನ್‌ನಲ್ಲಿ, 89ನೆಯ ವಯಸ್ಸಿನಲ್ಲಿ, ತನ್ನನ್ನು ಬಲ್ಲ ಜನರ ನಡುವೆ ತೀರಿಕೊಂಡ. ಸಾಧಾರಣವಾದ, ತುಂಬಿದ ಬಾಳು ಅದು. ಅದೇ 11 ಮಕ್ಕಳಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಗಳಿಗೆ ಸೇರಿಸಲ್ಪಟ್ಟವರ ಗತಿಯನ್ನು ಕ್ಯಾನರ್ 1971ರಲ್ಲಿ ಮತ್ತೆ ಪರಿಶೀಲಿಸಿದಾಗ, ಬಾಲ್ಯದಲ್ಲಿ ಕಂಡಿದ್ದ ಅವರ ಚುರುಕುತನವೆಲ್ಲ ಆರಿಹೋಗಿತ್ತು. ಆಸ್ಪತ್ರೆಯ ಆ ದಾಖಲಾತಿ ಜೀವಾವಧಿ ಶಿಕ್ಷೆಗೆ ಸಮಾನವಾಯಿತೆಂದು ಅವರು ವ್ಯಥೆಪಟ್ಟರು. ಡೊನಾಲ್ಡನ ಹೆತ್ತವರಿಗೆ ಹಣವಿತ್ತು, ಊರಿನಲ್ಲಿ ಗೌರವವಿತ್ತು. ಅದಿಲ್ಲದ ಮಕ್ಕಳ ಪಾಡೇನು ಎಂಬ ಪ್ರಶ್ನೆಯನ್ನು ಈ ಚರಿತ್ರೆ ನಮ್ಮ ಮುಂದಿಡುತ್ತದೆ.

ಒಂದು ಕಿರುಬಾಗಿಲು

ಎರಡನೆಯ ಉದಾಹರಣೆ ಟೆಂಪಲ್ ಗ್ರಾಂಡಿನ್ ಎಂಬ ಮಹಿಳೆಯದು. 1947ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿದ ಆಕೆಗೆ ಮೂರೂವರೆ ವರ್ಷವಾದರೂ ಮಾತು ಬಂದಿರಲಿಲ್ಲ. ಆ ಕಾಲದಲ್ಲಿ ತಾಯಂದಿರ ಮೇಲೆ ಇನ್ನೊಂದು ಹೊರೆ ಬಿದ್ದಿತ್ತು. ಮಗುವಿಗೆ ಹೀಗಾಗಲು ತಾಯಿಯ ಪ್ರೀತಿಯ ಕೊರತೆಯೇ ಕಾರಣವೆಂದು ತಜ್ಞರೆನಿಸಿಕೊಂಡವರೇ ಹೇಳುತ್ತಿದ್ದರು. ಈ ಕ್ರೂರ ಅಪವಾದವನ್ನು 1964ರಲ್ಲಿ ತಮ್ಮ ಗ್ರಂಥದ ಮೂಲಕ ಅಲ್ಲಗಳೆದ ಬರ್ನಾರ್ಡ್ ರಿಮ್‌ಲ್ಯಾಂಡ್ ಸ್ವತಃ ಆಟಿಸಂ ಇದ್ದ ಮಗುವಿನ ತಂದೆ. ಟೆಂಪಲ್‌ಳ ತಾಯಿ ಮಗಳನ್ನು ಸಂಸ್ಥೆಗೆ ಒಪ್ಪಿಸಲು ನಿರಾಕರಿಸಿದರು.

ಹೈಸ್ಕೂಲಿನಲ್ಲಿ ತನ್ನನ್ನು ಹಂಗಿಸಿದ ಹುಡುಗಿಯ ಮೇಲೆ ಪುಸ್ತಕ ಎಸೆದದ್ದಕ್ಕಾಗಿ ಟೆಂಪಲ್‌ಳನ್ನು ಶಾಲೆಯಿಂದ ಹೊರಹಾಕಲಾಯಿತು. ತಾಯಿ ಆಕೆಯನ್ನು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಂದು ಸಣ್ಣ ವಸತಿಶಾಲೆಗೆ ಸೇರಿಸಿದರು. ಅಲ್ಲಿ ವಿಲಿಯಂ ಕಾರ್ಲಾಕ್ ಎಂಬ ವಿಜ್ಞಾನದ ಅಧ್ಯಾಪಕರಿದ್ದರು. ರಜೆಯಲ್ಲಿ ಚಿಕ್ಕಮ್ಮನ ಪಶುಪಾಲನಾ ಕೇಂದ್ರಕ್ಕೆ ಹೋದಾಗ, ಚುಚ್ಚುಮದ್ದಿಗಾಗಿ ದನಗಳನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಚೌಕಟ್ಟಿನಲ್ಲಿ ಅವು ಶಾಂತವಾಗುವುದನ್ನು ಟೆಂಪಲ್ ಗಮನಿಸಿದ್ದಳು. ಸದಾ ಕಾಡುತ್ತಿದ್ದ ತನ್ನ ಕಳವಳವನ್ನು ತಗ್ಗಿಸಿಕೊಳ್ಳಲು ಅಂತಹದೇ ಒಂದು ಯಂತ್ರವನ್ನು ತನಗಾಗಿ ಮರದಿಂದ ಮಾಡಿಕೊಂಡಳು. ಶಾಲೆಯ ಮನೋತಜ್ಞರು ಅದನ್ನು ಕಿತ್ತುಕೊಳ್ಳಬೇಕೆಂದರು. ಕಾರ್ಲಾಕ್ ಹಾಗೆನ್ನಲಿಲ್ಲ. ಒತ್ತಡದಿಂದ ಶಾಂತಿ ಏಕೆ ದೊರೆಯುತ್ತದೆಂದು ತಿಳಿಯಬೇಕಾದರೆ ವಿಜ್ಞಾನ ಓದಬೇಕು ಎಂದು ಹೇಳಿ ಗ್ರಂಥಾಲಯದ ದಾರಿ ತೋರಿಸಿದರು. ಓದಿನಲ್ಲಿ ಆಸಕ್ತಿಯೇ ಇಲ್ಲದವಳಿಗೆ ಓದಲು ಒಂದು ಕಾರಣ ಸಿಕ್ಕಿತು.

ಆ ಶಾಲೆಯ ದಿನಗಳ ಒಂದು ಪ್ರಸಂಗ ನಮ್ಮ ಓದುಗರ ಹೃದಯಕ್ಕೆ ಹತ್ತಿರವಾದದ್ದು. ಒಂದು ಭಾನುವಾರ ಪ್ರಾರ್ಥನಾಲಯದಲ್ಲಿ ಬೋಧಕರು ಸಂತ ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ವಿವರಿಸುತ್ತಿದ್ದರು. ಯೇಸುಸ್ವಾಮಿ ತಮ್ಮನ್ನು ಬಾಗಿಲಿಗೆ ಹೋಲಿಸಿಕೊಳ್ಳುವ ಭಾಗವದು. ಉಳಿದ ಮಕ್ಕಳಿಗೆ ಅದೊಂದು ರೂಪಕ. ಚಿತ್ರಗಳಲ್ಲಿಯೇ ಯೋಚಿಸುತ್ತಿದ್ದ ಟೆಂಪಲ್‌ಗೆ ಅದು ನಿಜವಾದ ಬಾಗಿಲು. ಆಕೆ ಅದನ್ನು ಹುಡುಕಲು ಹೊರಟಳು. ಕೊನೆಗೆ, ಕಟ್ಟಡವೊಂದರ ಮೇಲಿನ ಅಟ್ಟದಲ್ಲಿ ಛಾವಣಿಯ ಕಡೆಗೆ ತೆರೆಯುವ ಒಂದು ಪುಟ್ಟ ಮರದ ಬಾಗಿಲು ಕಾಣಿಸಿತು. ಶಾಲೆ ಬಿಟ್ಟು ಮುಂದೆ ಹೋಗುವುದು ಎಂದರೇನೆಂದು ಮಾತಿನಲ್ಲಿ ಹೇಳಿದರೆ ಆಕೆಗೆ ತಿಳಿಯುತ್ತಿರಲಿಲ್ಲ. ಆ ಬಾಗಿಲನ್ನು ನಿಜವಾಗಿ ದಾಟಿ ಅಭ್ಯಾಸ ಮಾಡಿದಾಗ ತಿಳಿಯಿತು. ಕಾಲೇಜನ್ನು ಬಿಡುವ ಸಮಯ ಬಂದಾಗಲೂ ಆಕೆ ವಸತಿಗೃಹದ ಮಾಡಿನಲ್ಲಿ ಇನ್ನೊಂದು ಕಿರುಬಾಗಿಲನ್ನು ಹುಡುಕಿಕೊಂಡಳು.

ಟೆಂಪಲ್ ಸೇರಿದ ಫ್ರಾಂಕ್ಲಿನ್ ಪಿಯರ್ಸ್ ಕಾಲೇಜು ಹಳೆಯ ಶಾಲೆ ಇದ್ದ ಊರಿನಲ್ಲಿಯೇ ಇತ್ತು. ಕಾರ್ಲಾಕ್ ಅವರನ್ನು ಕಾಣಲು ಆಕೆಗೆ ಸಾಧ್ಯವಿತ್ತು. ಗಣಿತದಲ್ಲಿ ಹಿಂದೆ ಬಿದ್ದಾಗ ಅಲ್ಲಿನ ಗಣಿತದ ಅಧ್ಯಾಪಕರು ಪ್ರತ್ಯೇಕವಾಗಿ ಕೂರಿಸಿಕೊಂಡು ಹೇಳಿಕೊಟ್ಟರು. 1970ರಲ್ಲಿ ಮನಃಶಾಸ್ತ್ರದಲ್ಲಿ ಪದವಿ, 1975ರಲ್ಲಿ ಅರಿಜೋನಾದಲ್ಲಿ ಪಶುವಿಜ್ಞಾನದ ಸ್ನಾತಕೋತ್ತರ ಪದವಿ, 1989ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್. ಮುಂದೆ ಕೊಲರಾಡೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಗ್ರಾಂಡಿನ್, ದನಗಳನ್ನು ಭಯಪಡಿಸದೆ ನಡೆಸಿಕೊಳ್ಳುವ ವ್ಯವಸ್ಥೆಗಳನ್ನು ರೂಪಿಸಿ ಲೋಕಪ್ರಸಿದ್ಧರಾದರು. ಆದರೆ ಆಕೆಯ ಪ್ರಸಿದ್ಧಿಗಿಂತ ಈ ಮೂರು ಸಣ್ಣ ಸಂಗತಿಗಳನ್ನು ನೆನಪಿನಲ್ಲಿಡಿ: ಮೊದಲೇ ದಾಟಿ ನೋಡಿದ ಬಾಗಿಲು, ಕೈಗೆಟಕುವ ದೂರದಲ್ಲಿದ್ದ ಗುರು, ಪಾಠದ ಹೊತ್ತಿನ ಹೊರಗೆ ಸಮಯ ಕೊಟ್ಟ ಒಬ್ಬ ಅಧ್ಯಾಪಕರು.

ದಯೆಯಿಂದ ಹಕ್ಕಿನ ಕಡೆಗೆ

ಡೊನಾಲ್ಡ್, ಟೆಂಪಲ್ ಇಬ್ಬರೂ ಉಳಿದದ್ದು ಒಳ್ಳೆಯವರ ದಯೆಯಿಂದ. ದಯೆ ಒಬ್ಬನಿಗೆ ದೊರೆತೀತು, ಇನ್ನೊಬ್ಬನಿಗೆ ದೊರೆಯದೆ ಹೋದೀತು. ಅದನ್ನು ಹಕ್ಕನ್ನಾಗಿ ಮಾಡಲು ಹೋರಾಟವೇ ಬೇಕಾಯಿತು. ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ವಿಕಲತೆಯ ಕಾರಣಕ್ಕಾಗಿ ಯಾರನ್ನೂ ಹೊರಗಿಡಬಾರದೆಂದು ಅಮೆರಿಕ 1973ರಲ್ಲಿ ಕಾನೂನು ಮಾಡಿತು. ಆದರೆ ಅದನ್ನು ಜಾರಿಗೊಳಿಸುವ ನಿಯಮಗಳು ವರ್ಷಗಟ್ಟಲೆ ಹೊರಬರಲಿಲ್ಲ. 1977ರ ಏಪ್ರಿಲ್‌ನಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ವಿಕಲಚೇತನರು, ಗಾಲಿಕುರ್ಚಿಗಳಲ್ಲಿದ್ದವರೂ ಸೇರಿ, ಸರ್ಕಾರಿ ಕಟ್ಟಡವೊಂದರಲ್ಲಿ ಮೂರು ವಾರಗಳಿಗೂ ಹೆಚ್ಚು ಕಾಲ ಧರಣಿ ಕುಳಿತರು. ಏಪ್ರಿಲ್ 28ರಂದು ನಿಯಮಗಳಿಗೆ ಸಹಿ ಬಿತ್ತು. 1990ರಲ್ಲಿ ಶಾಲಾ ಶಿಕ್ಷಣದ ಕಾನೂನು ಆಟಿಸಂ ಅನ್ನು ಪ್ರತ್ಯೇಕವಾಗಿ ಹೆಸರಿಸಿತು. ಆ ಆಸರೆಯಲ್ಲಿ ಬೆಳೆದ ಮಕ್ಕಳು 2000ದ ಬಳಿಕ ಕಾಲೇಜಿನ ಬಾಗಿಲಿಗೆ ಬಂದರು. ವೆಸ್ಟ್ ವರ್ಜೀನಿಯಾದ ಮಾರ್ಷಲ್ ವಿಶ್ವವಿದ್ಯಾಲಯವು 2002ರಲ್ಲಿ ಇಂಥವರಿಗಾಗಿಯೇ ಒಂದು ಯೋಜನೆ ಆರಂಭಿಸಿತು. ಹಿರಿಯ ವಿದ್ಯಾರ್ಥಿಯೊಬ್ಬರು ಇವರನ್ನು ಆಗಾಗ ಭೇಟಿಯಾಗಿ ದಿನಚರಿ ಯೋಜಿಸಲು, ಅಧ್ಯಾಪಕರೊಡನೆ ಮಾತನಾಡಲು, ವಸತಿಗೃಹದ ಬದುಕಿಗೆ ಹೊಂದಿಕೊಳ್ಳಲು ನೆರವಾಗುತ್ತಿದ್ದರು.

ಆದರೂ ಬಾಗಿಲು ಕಿರಿದಾಗಿಯೇ ಉಳಿಯಿತು. 2012ರಲ್ಲಿ ಅಮೆರಿಕದ ಮಕ್ಕಳ ವೈದ್ಯಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ, ಪ್ರೌಢಶಾಲೆ ಮುಗಿಸಿದ ಆರು ವರ್ಷಗಳೊಳಗೆ ಕಾಲೇಜನ್ನು ಕಂಡ ಆಟಿಸಂ ಯುವಜನರು ಸುಮಾರು ಶೇ. 35 ಮಾತ್ರ.

ಒಳಗಿನ ಕಷ್ಟಗಳು

ಒಳಗೆ ಹೋದವರಿಗೆ ಕಷ್ಟ ಎಲ್ಲಿ? ಪಾಠದಲ್ಲಿಯೇ ಎಂದು ನಾವು ಭಾವಿಸುತ್ತೇವೆ. ಬಹಳ ಮಂದಿಗೆ ಪಾಠವೇ ಸುಲಭವಾದ ಭಾಗ. ಮನೆಯಲ್ಲಿ ತಾಯಿ ಎಬ್ಬಿಸುತ್ತಿದ್ದರು, ಬಟ್ಟೆ ಎತ್ತಿಡುತ್ತಿದ್ದರು, ಊಟಕ್ಕೆ ಕರೆಯುತ್ತಿದ್ದರು. ಶಾಲೆಯಲ್ಲಿ ಗಂಟೆ ಬಾರಿಸಿದಂತೆ ದಿನ ಸಾಗುತ್ತಿತ್ತು. ಕಾಲೇಜಿನಲ್ಲಿ ಈ ಎಲ್ಲ ಊರುಗೋಲುಗಳು ಒಂದೇ ದಿನ ಕಳಚಿಬೀಳುತ್ತವೆ. ಒಂದು ತರಗತಿ ಒಂಬತ್ತಕ್ಕೆ, ಮತ್ತೊಂದು ಇನ್ನೊಂದು ಕಟ್ಟಡದಲ್ಲಿ ಎರಡಕ್ಕೆ. ಉಪನ್ಯಾಸಕರು ಬಾರದಿದ್ದರೆ ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಅಸೈನ್‌ಮೆಂಟಿನ ವಿಷಯ ತಿಳಿದಿದ್ದರೂ ಎಲ್ಲಿಂದ ಆರಂಭಿಸಬೇಕೆಂದು ತೋಚದೆ ಗಡುವು ಕಳೆದುಹೋಗುತ್ತದೆ. ಅದನ್ನು ನೋಡುವವರು ಸೋಮಾರಿತನವೆನ್ನುತ್ತಾರೆ.

ಇನ್ನು ಇಂದ್ರಿಯಗಳ ಹಿಂಸೆ. ನಮ್ಮ ಕಿವಿಗೆ ಬೀಳದ ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ, ಫ್ಯಾನಿನ ಸದ್ದು, ಮೆಸ್ಸಿನ ತಟ್ಟೆಲೋಟಗಳ ಗದ್ದಲ, ಒಗ್ಗರಣೆಯ ಘಾಟು ಅವರನ್ನು ಏಕಕಾಲಕ್ಕೆ ಮುತ್ತುತ್ತವೆ. ಮೆಸ್ಸಿಗೆ ಹೋಗಲು ಅಂಜಿ ಬಿಸ್ಕತ್ತು ತಿಂದು ದಿನ ಕಳೆಯುವವರಿದ್ದಾರೆ. ಗುಂಪಿನಲ್ಲಿ ಮಾಡಬೇಕಾದ ಪ್ರಾಜೆಕ್ಟ್, ವೈವಾ, ರ‍್ಯಾಗಿಂಗ್ ಎಂಬ ಪಿಡುಗು, ತಮಾಷೆಯೋ ನಿಜವೋ ತಿಳಿಯದ ಮಾತುಗಳು ಒಂದರ ಮೇಲೊಂದು ಬರುತ್ತವೆ. ಎಲ್ಲರಂತೆ ಕಾಣಿಸಲು ದಿನವಿಡೀ ನಟಿಸಿ ಸಂಜೆಯ ಹೊತ್ತಿಗೆ ಬಳಲಿ ಬೀಳುವವರುಂಟು, ಅದರಲ್ಲಿಯೂ ಹೆಣ್ಣುಮಕ್ಕಳು. ಹಾಗೆ ನಟಿಸುವುದರಿಂದಲೇ ಹಲವರಿಗೆ ತಮ್ಮಲ್ಲಿರುವುದು ಆಟಿಸಂ ಎಂದು ತಿಳಿಯುವುದು ಬಹಳ ತಡವಾಗಿ. ಕೆಲವರು ತಿಳಿದರೂ ಹೇಳಿಕೊಳ್ಳುವುದಿಲ್ಲ. ಶಾಲೆಯಲ್ಲಿ ಅಧ್ಯಾಪಕರೇ ಗುರುತಿಸಿ ನೆರವಿಗೆ ಬರಬಹುದಿತ್ತು. ಕಾಲೇಜಿನಲ್ಲಿ ವಿದ್ಯಾರ್ಥಿಯೇ ಬಾಯಿಬಿಟ್ಟು ಕೇಳಬೇಕು. ಬಾಯಿಬಿಟ್ಟು ಕೇಳುವುದೇ ಅವರಿಗೆ ಎಲ್ಲಕ್ಕಿಂತ ಕಠಿಣವಾದ ಕೆಲಸ!

ನಮ್ಮ ನಾಡಿನಲ್ಲಿ

ಭಾರತದ 1995ರ ಅಂಗವಿಕಲರ ಕಾನೂನಿನಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾನೂನು ಅದನ್ನು ಹೆಸರಿಸಿತಾದರೂ ಕಾಲೇಜಿನ ಸೀಟಿನ ಮಾತು ಅದರಲ್ಲಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ 21 ವಿಧದ ವಿಕಲತೆಗಳನ್ನು ಗುರುತಿಸಿ ಅವುಗಳಲ್ಲಿ ಆಟಿಸಂ ಅನ್ನೂ ಸೇರಿಸಿತು. ಶೇ. 40ಕ್ಕೆ ಕಡಿಮೆಯಿಲ್ಲದ ವಿಕಲತೆ ಇದೆಯೆಂದು ಪ್ರಮಾಣಪತ್ರ ಪಡೆದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟುಗಳು ಮೀಸಲು, ಪ್ರವೇಶದ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ. 2018ರ ಕೇಂದ್ರ ಮಾರ್ಗಸೂಚಿಯಂತೆ, ಬರೆಯುವುದಕ್ಕೆ ತೊಡಕುಳ್ಳವರಿಗೆ ಪರೀಕ್ಷೆಯ ಪ್ರತಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಮತ್ತು ಅಗತ್ಯವಿದ್ದರೆ ಸ್ಕ್ರೈಬ್. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ವ್ಯವಸ್ಥೆಯನ್ನು ಹೊಂದಿಸುವುದು ಉಪಕಾರವಲ್ಲ, ಸಮಾನತೆಯ ಭಾಗ ಎಂಬ ತತ್ವವನ್ನು ಎತ್ತಿಹಿಡಿಯಿತು. ಮಗುವಿನ ನಡೆಯಲ್ಲಿ ಸಂದೇಹವಿದ್ದರೆ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಕಾನೂನು ಸೀಟು ಕೊಡುತ್ತದೆ, ಸಮಯ ಕೊಡುತ್ತದೆ. ಊಟದ ಹೊತ್ತಿಗೆ ಪಕ್ಕದಲ್ಲಿ ಕುಳಿತುಕೊಳ್ಳುವ ಗೆಳೆಯನನ್ನು ಅದು ಕೊಡಲಾರದು. ಅದನ್ನು ಕೊಡಬೇಕಾದವರು ನಾವು.

ಆದುದರಿಂದ, ಹೆತ್ತವರೇ, ನಿಮ್ಮ ಮಗ ಅಥವಾ ಮಗಳು ಇಂಥವರಾಗಿದ್ದರೆ ತರಗತಿಗಳು ಆರಂಭವಾಗುವ ಮುನ್ನವೇ ಕಾಲೇಜಿಗೆ ಒಂದೆರಡು ಬಾರಿ ಕರೆದೊಯ್ಯಿರಿ. ತರಗತಿ, ಗ್ರಂಥಾಲಯ, ಮೆಸ್ಸು, ಶೌಚಾಲಯ ಎಲ್ಲವನ್ನೂ ಖಾಲಿಯಿರುವಾಗ ನಡೆದು ನೋಡಲಿ. ಟೆಂಪಲ್ ದಾಟಿದ ಕಿರುಬಾಗಿಲು ಅದೇ. ಸಾಧ್ಯವಾದರೆ ಹತ್ತಿರದ ಕಾಲೇಜನ್ನೇ ಆರಿಸಿ. ಹೆಸರಾಂತ ದೂರದ ಕಾಲೇಜಿಗಿಂತ ವಾರಕ್ಕೊಮ್ಮೆ ಮನೆಗೆ ಬರಬಹುದಾದ ಕಾಲೇಜು ಲೇಸು. ವಿಷಯವನ್ನು ಮುಚ್ಚಿಡಬೇಡಿ. ನಂಬಿಕೆಗೆ ಅರ್ಹರಾದ ಒಬ್ಬ ಅಧ್ಯಾಪಕರಿಗಾದರೂ ಮಗುವಿನ ಒಪ್ಪಿಗೆಯೊಡನೆ ತಿಳಿಸಿರಿ.

ನಮ್ಮ ಸಂಸ್ಥೆಗಳಲ್ಲಿ ಪಾಠ ಹೇಳುವ ಅಧ್ಯಾಪಕರೇ, ಸೂಚನೆಗಳನ್ನು ಬಾಯಲ್ಲಿ ಹೇಳುವುದರ ಜೊತೆಗೆ ಬರೆದೂ ಕೊಡಿ. ಗುಂಪು ಮಾಡುವಾಗ ಯಾರೂ ಕರೆಯದೆ ಉಳಿದವನನ್ನು ನೀವೇ ಒಂದು ಗುಂಪಿಗೆ ಸೇರಿಸಿರಿ. ಇದಕ್ಕೆ ಹಣ ಬೇಕಿಲ್ಲ. ಯುವಜನರೇ, ನಿಮ್ಮ ಗಾಯನವೃಂದದಲ್ಲಿ, ಸಂಘದಲ್ಲಿ ಅಂಥವರಿಗೆ ಒಂದು ನಿಶ್ಚಿತ ಜಾಗ, ಒಂದು ನಿಶ್ಚಿತ ಕೆಲಸ ಇರಲಿ. ಮೆಚ್ಚುಗೆ ಪಡೆಯಲು ಇಟ್ಟಿಗೆಗಳ ಸಂಖ್ಯೆಯನ್ನು ಕಟ್ಟಿ ಹೇಳಬೇಕಾದ ಸ್ಥಿತಿ ಅವರಿಗೆ ಬಾರದಿರಲಿ.

ಓದನ್ನು ನಡುವೆ ಬಿಟ್ಟು ಮರಳಿ ಬಂದವರಿದ್ದರೆ ಅವರನ್ನು ಸೋತವರೆಂದು ಕಾಣದಿರಿ. ಪದವಿಗೆ ಮೂರು ವರ್ಷವೇ ಆಗಬೇಕೆಂದಿಲ್ಲ, ಇಪ್ಪತ್ತೊಂದನೆಯ ವಯಸ್ಸಿಗೇ ಮುಗಿಯಬೇಕೆಂದಿಲ್ಲ. ಒಂದು ವರ್ಷ ವಿಶ್ರಮಿಸಿ ಮತ್ತೆ ಹೋಗಬಹುದು, ದೂರಶಿಕ್ಷಣದಲ್ಲಿ ಮುಂದುವರಿಸಬಹುದು. ಪದವಿಯೇ ಬೇಡವೆನಿಸಿದರೆ ಕೈಗೆ ಒಗ್ಗುವ ಕೆಲಸ ಹಿಡಿಯಬಹುದು. ಪದವಿ ಇಲ್ಲದವನೂ ದೇವರ ಪ್ರತಿರೂಪವೇ ಅಲ್ಲವೇ?

ಈ ವರ್ಷವೂ ಫಲಿತಾಂಶದ ಭಾನುವಾರ ಬರುತ್ತದೆ. ಹೆಸರುಗಳನ್ನು ಓದುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಅಂದು ಹೊರಗೆ ಬಂದಾಗ, ಕಳೆದ ವರ್ಷ ಬಹುಮಾನ ಪಡೆದು ಈಗ ಮನೆಯಲ್ಲಿ ಕುಳಿತಿರುವ ಮಗುವೊಂದು ನಿಮ್ಮ ನೆರೆಯಲ್ಲಿದ್ದರೆ, ಆ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ. ಏನಾಯಿತೆಂದು ಕೇಳಬೇಡಿ. ಈಗ ಏನು ಓದುತ್ತಿದ್ದೀಯೆ, ಯಾವುದು ಇಷ್ಟ ಎಂದು ಕೇಳಿ, ಉತ್ತರ ಎಷ್ಟು ಉದ್ದವಾದರೂ ತಾಳ್ಮೆಯಿಂದ ಕೇಳಿಸಿಕೊಳ್ಳಿ.